ಸಭಾಪಾಲಕರು ಬರುವ ಬುಧವಾರ

ಕೃಪಾವತಿ ದೇವರ ಜೊತೆ ಜಗಳವಾಡುತ್ತಿದ್ದಳು, ಆದರೆ ಮಾತು ಬಿಟ್ಟಿರಲಿಲ್ಲ. ಗಂಡ ದೇವದಾನನ ಹಿಂದೆ ಬೆಟಗೇರಿಯಿಂದ ಬೆಂಗಳೂರಿಗೆ ಬಂದ ಎರಡನೇ ವರ್ಷವೇ ಅವನು ಕಾಮಾಲೆಗೆ ತೀರಿಕೊಂಡ. ಊರಿನವರು ವಾಪಸು ಕರೆದರು. ಇವಳು ಹೋಗಲಿಲ್ಲ. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ ಹಿಡಿದು, ಬಿಟಿಎಂ ಲೇಔಟಿನ ಒಂದು ಹಿತ್ತಲ ಮನೆಯಲ್ಲಿ ಮಗಳನ್ನು ಬೆಳೆಸತೊಡಗಿದಳು. ಬೆಡ್‌ಪ್ಯಾನ್ ತೊಳೆಯುತ್ತಲೇ ಮೇಲಿನವನಿಗೆ ತಕರಾರು ಸಲ್ಲಿಸುತ್ತಿದ್ದಳು. ಉತ್ತರ ತಡವಾಗುತ್ತಿತ್ತು. ಆದರೂ ಪ್ರತಿ ಬುಧವಾರ ಸಂಜೆ ತಿಲಕ್ ನಗರದ ಗಾರ್ಮೆಂಟ್ಸ್ ಹೆಂಗಸರು ಅವಳ ಮನೆಯಲ್ಲಿ ಸೇರಿ, ಚಪ್ಪಾಳೆ ತಟ್ಟಿ ಹಾಡಿ, ಪ್ರಾರ್ಥಿಸಿ, ಅತ್ತು, ಮೂಗೊರೆಸಿಕೊಂಡು ಗಿರ್ಮಿಟ್ ತಿನ್ನುತ್ತಿದ್ದರು. ವಾರದ ಉಳಿದ ದಿನಗಳನ್ನು ಅವಳು ದೂಡುತ್ತಿದ್ದುದು ಆ ಒಂದು ಸಂಜೆಯ ಬಲದ ಮೇಲೆ.

ಮನೆಯ ಮಾಲೀಕರು ಚಿಕ್ಕಬೈರಪ್ಪ ಗೌಡರು. ಹಿಂದೆ ಅದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದವರು ಈಗ ಬಾಡಿಗೆದಾರರನ್ನು ಬೆಳೆಯುತ್ತಿದ್ದರು. ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಉಪಾಧ್ಯಕ್ಷರಾದ ಮೇಲೆ ಹಲ್ಲುಜ್ಜುವಾಗಲೂ ಗಂಭೀರವಾಗಿರುತ್ತಿದ್ದರು. ಬುಧವಾರದ ಹಾಡು ಅವರ ಟಿವಿ ಧಾರಾವಾಹಿಯನ್ನು ನುಂಗಿಹಾಕುತ್ತಿತ್ತು. ಒಂದು ದಿನ ಕರೆದು, ಹಾಡು ನಿಲ್ಲಿಸು, ಇಲ್ಲವೇ ತಿಂಗಳ ಕೊನೆಗೆ ಮನೆ ಖಾಲಿ ಮಾಡು ಎಂದರು. ಗಂಡಸಿಲ್ಲದವಳಿಗೆ ಇನ್ನೊಂದು ಮನೆ ಹುಡುಕುವುದೆಂದರೇನು ಎಂಬುದು ಕೃಪಾವತಿಗೆ ಚೆನ್ನಾಗಿ ಗೊತ್ತಿತ್ತು.

"ಈ ಬುಧವಾರ ಒಂದ್ ಮಾಡ್ಕೊಂತೀನ್ರಿ ಗೌಡ್ರ. ಸಭಾಪಾಲಕರು ಬರಾಕತ್ತಾರ."

ಅವಳ ಚರ್ಚಿನ ಮಂದಿ ತಮ್ಮನ್ನು 'ಸಭೆ' ಎಂದು ಕರೆದುಕೊಳ್ಳುವುದರಿಂದ ಪಾದ್ರಿಗಳು ಸಭಾಪಾಲಕರು. ಸಂಘದ ಉಪಾಧ್ಯಕ್ಷರಿಗೆ ಸಭೆ ಎಂದರೆ ಮೈಕು, ಹಾರ, ಮುಂದಿನ ಸಾಲಿನ ಕುರ್ಚಿ. ಅವರ ಕಿವಿಗೆ ಬಿದ್ದದ್ದು 'ಸಭಾಪತಿ'. ಅಂದರೆ ವಿಧಾನ ಪರಿಷತ್ತಿನವರು. ಎಷ್ಟು ಪರಿಚಯ ಎಂದು ಮೆಲ್ಲಗೆ ವಿಚಾರಿಸಿದರು. ಗದಗಿನಿಂದಲೂ ಗೊತ್ತು, ತನ್ನ ಮದುವೆ ಮಾಡಿಸಿದ್ದೇ ಅವರು ಎಂದಳು ಕೃಪಾವತಿ. ಗೌಡರು ತಮಗರಿವಿಲ್ಲದೆ ಎದ್ದು ನಿಂತರು.

ಬೀದಿಗೆ ಜ್ವರ ಬಂದಂತಾಯಿತು. ಮೋರಿಗೆ ಬ್ಲೀಚಿಂಗ್ ಪೌಡರ್ ಬಿತ್ತು. ಗೇಟಿಗೆ ಬಾಳೆಕಂದು ಬಂತು. ಸಂಘದ ಕಾರ್ಯದರ್ಶಿ ಚಕ್ರಪಾಣಿ ಟಾರು ಕಾಣದ ರಸ್ತೆಯ ಬಗ್ಗೆ ಮಾಡಬೇಕಾದ ಭಾಷಣವನ್ನು ಕನ್ನಡಿಯ ಮುಂದೆ ಉರುಹೊಡೆದರು.

ಬುಧವಾರ ಡ್ಯೂಟಿ ಮುಗಿಸಿ ಬಂದ ಕೃಪಾವತಿ ಶಾಮಿಯಾನ ನೋಡಿ, ಯಾರದೋ ಮದುವೆಯೆಂದುಕೊಂಡಳು. ರೇಷ್ಮೆ ಸೀರೆಯುಟ್ಟಿದ್ದ ಗೌಡರ ಹೆಂಡತಿ ಅಂಜನಮ್ಮ ಓಡಿಬಂದು, "ನಿಮ್ ಸಭಾಪತಿಗೆ ಕೇಸರಿಬಾತ್ ಆಗುತ್ತಾ? ಶುಗರ್ ಗಿಗರ್ ಇಲ್ಲ ತಾನೆ?" ಎಂದರು.

ಕೃಪಾವತಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. ಕರ್ತನೇ, ಇದು ನಿನ್ನ ಉತ್ತರವೋ, ಗೌಡರ ಕಿವಿಯ ದೋಷವೋ ಎಂದು ಮನಸ್ಸಿನಲ್ಲೇ ಕೇಳಿದಳು. ಸುಮ್ಮನಿದ್ದರೆ ಮನೆ ಉಳಿಯುತ್ತಿತ್ತು. ಆದರೂ ನೇರವಾಗಿ ಗೌಡರ ಬಳಿಗೇ ಹೋದಳು. ಅವರು ಸ್ಟೂಲಿನ ಮೇಲೆ ನಿಂತು ಮಾವಿನ ತೋರಣ ಕಟ್ಟುತ್ತಿದ್ದರು.

"ಬರಾವ್ರು ಸಭಾಪತಿ ಅಲ್ರಿ ಗೌಡ್ರ. ಸಭಾಪಾಲಕರು. ನಮ್ಮ ಪಾದ್ರಿ."

ಗೌಡರು ಸ್ಟೂಲಿನಿಂದ ಇಳಿಯಲಿಲ್ಲ, ಇಳಿಯುವುದನ್ನೇ ಮರೆತರು. ಆಮೇಲೆ ಬಗ್ಗಿ ಪಿಸುಗುಟ್ಟಿದರು. "ಯಾರ್ಗೂ ಹೇಳ್ಬೇಡ ಕೃಪಮ್ಮ. ಬಂದೋರು ಹಾರ ಹಾಕಿಸ್ಕೊಂಡು ಕೈ ಬೀಸಿ ಹೋಗ್ಲಿ, ಸಾಕು. ನೀನು ಎಷ್ಟು ವರ್ಷ ಬೇಕಾದ್ರೂ ಇರು. ದಿನಾ ಹಾಡ್ಕೋ."

ಇಷ್ಟು ಒಳ್ಳೆಯ ಮಾತನ್ನು ಈ ಊರಿನಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಗಳಿಗೆ ಆಸೆಯಾಯಿತು.

"ಸುಳ್ಳ ಹೇಳಿ ಬುಧವಾರ ಉಳಿಸ್ಕೊಂಡ್ರ, ಆ ಬುಧವಾರದಾಗ ಕೂತು ಏನಂತ ಪ್ರಾರ್ಥನಾ ಮಾಡ್ಲಿರಿ? ಬೇಕಾದ್ರ ಮನಿ ಬಿಡ್ತೀನಿ."

ಅಷ್ಟರಲ್ಲಿ ಲೂನಾ ಬಂತು. ಅದರ ಮೇಲೆ, ಪ್ಯಾಂಟಿನ ತುದಿಗೆ ಕ್ಲಿಪ್ಪು ಹಾಕಿಕೊಂಡ ಒಬ್ಬ ತೆಳ್ಳನೆಯ ಮುದುಕರು. ಕೆಂಪು ದೀಪದ ಕಾರಿಗಾಗಿ ಚಕ್ರಪಾಣಿ ಇನ್ನೂ ರಸ್ತೆಯತ್ತ ಕತ್ತು ಚಾಚುತ್ತಲೇ ಇದ್ದರು. ಕೃಪಾವತಿ ಗೇಟಿನ ಹೊರಗೆ ಬಂದು, ಇಡೀ ಬೀದಿಗೆ ಕೇಳುವಂತೆ, ಇವರೇ ನಮ್ಮ ಸಭಾಪಾಲಕರು, ಚರ್ಚಿನವರು, ಬೇರೆ ಯಾರೂ ಬರುವುದಿಲ್ಲ ಎಂದಳು. ಚಕ್ರಪಾಣಿ ಚಾಚಿದ್ದ ಕತ್ತನ್ನು ಒಳಗೆಳೆದುಕೊಂಡರು. ಎಲ್ಲರೂ ಚಿಕ್ಕಬೈರಪ್ಪನವರತ್ತ ತಿರುಗಿದರು.

ಆದರೆ ಉಪಾಧ್ಯಕ್ಷರು ಸುಮ್ಮನೆ ಉಪಾಧ್ಯಕ್ಷರಾದವರಲ್ಲ. "ಮತ್ತೇನಂದ್ಕೊಂಡ್ರಿ? ನಾನು ಪಾಲಕರು ಅಂತಾನೇ ಅಲ್ವಾ ಹೇಳಿದ್ದು? ಕಿವಿ ಕ್ಲೀನ್ ಮಾಡಿಸ್ಕೊಳ್ಳಿ ಚಕ್ರಪಾಣಿ," ಎಂದು ಗದರಿಸಿ, ಸುಗಂಧರಾಜದ ಹಾರವನ್ನು ಪಾದ್ರಿಗಳ ಕೊರಳಿಗೆ ಹಾಕಿಯೇಬಿಟ್ಟರು.

ಏನೊಂದೂ ತಿಳಿಯದ ಪಾದ್ರಿಗಳು ಇಂಥ ಪ್ರೀತಿ ಎಲ್ಲೂ ಕಂಡಿಲ್ಲವೆಂದು ಕಣ್ಣೊರೆಸಿಕೊಂಡರು. ಆ ಸಂಜೆಯ ಪ್ರಾರ್ಥನೆ ಶಾಮಿಯಾನದ ಕೆಳಗೇ ನಡೆಯಿತು. ಭಾಷಣ ವ್ಯರ್ಥವಾಗಬಾರದೆಂದು ಚಕ್ರಪಾಣಿ ರಸ್ತೆಯ ವಿಷಯ ಎತ್ತಿದ್ದರಿಂದ ಅದಕ್ಕೂ ಒಂದು ಪ್ರಾರ್ಥನೆಯಾಯಿತು. ಗಾರ್ಮೆಂಟ್ಸ್ ಹೆಂಗಸರು ಶಾಮಿಯಾನ ಹಾರಿಹೋಗುವಂತೆ ಹಾಡಿದರು. ಗೌಡರು ಮುಂದಿನ ಸಾಲಿನಲ್ಲಿ, ಎದ್ದುಹೋಗುವಂತಿಲ್ಲದೆ, ತಪ್ಪು ತಾಳದಲ್ಲಿ ಚಪ್ಪಾಳೆ ತಟ್ಟಿದರು.

ಮರುದಿನ ಬೆಳಿಗ್ಗೆ ಕೃಪಾವತಿ, ಬೀಗದ ಕೈ ಯಾವತ್ತು ಕೊಡಲಿ ಎಂದು ಕೇಳಲು ಹೋದಳು.

"ನೀನೀಗ ಖಾಲಿ ಮಾಡಿದ್ರೆ ಜನ ಏನಂತಾರೆ? ಬೈರಪ್ಪ ಬೇಸ್ತು ಬಿದ್ದ ಅಂತಾರೆ. ಸುಮ್ನೆ ಇರು," ಎಂದರು ಗೌಡರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಹಾಡು ಮಾತ್ರ ಒಂಚೂರು ಮೆತ್ತಗೆ ಹಾಡ್ಬೋದಲ್ವಾ?"

ಕೃಪಾವತಿ ಪ್ರಾಮಾಣಿಕವಾಗಿ ಯೋಚಿಸಿದಳು.

"ಮೆತ್ತಗ ಬರಂಗಿಲ್ರಿ ಗೌಡ್ರ," ಎಂದಳು.