ಅಂಟಿಸದೆ ಬಂದ ಸಮನ್ಸು

ನಾನು ಕೋರ್ಟಿನ ಅಮೀನನಾಗಿದ್ದೆ. ಸಮನ್ಸು, ನೋಟಿಸುಗಳನ್ನು ಜನರ ಮನೆಗೆ ಮುಟ್ಟಿಸಿ, ಮುಟ್ಟಿಸಿದ್ದೇನೆ ಎಂದು ಬರೆದುಕೊಡುವ ಕೆಲಸ. ಮೈಸೂರಿನ ಬೀದಿಬೀದಿ ಸುತ್ತಿದ್ದೇನೆ, ನನ್ನನ್ನು ಕಂಡು ಖುಷಿಪಟ್ಟ ಒಂದು ಮುಖವೂ ನೆನಪಿಲ್ಲ. ನಾಯಿ ಛೂ ಬಿಟ್ಟವರಿದ್ದಾರೆ, ಕಾಗದ ಹರಿದು ಮುಖಕ್ಕೇ ಎಸೆದವರಿದ್ದಾರೆ. ಇದನ್ನೆಲ್ಲ ಮೊದಲೇ ಹೇಳುತ್ತಿರುವುದು ಮುಂದಿನದಕ್ಕೆ ನೆಪ ಬೇಕೆಂದೇ, ಮತ್ತೇನಕ್ಕೂ ಅಲ್ಲ.

ಮನೆಯಲ್ಲಿ ಯಾರೂ ಸಿಗದಿದ್ದರೆ ಸಮನ್ಸಿನ ಪ್ರತಿಯನ್ನು ಬಾಗಿಲಿಗೆ ಅಂಟಿಸಿ, ಅಕ್ಕಪಕ್ಕದ ಇಬ್ಬರಿಂದ ಸಾಕ್ಷಿಯ ಸಹಿ ಹಾಕಿಸಿಕೊಂಡು ಬರಬೇಕು. ಕೋರ್ಟಿನ ಕಾಗದಕ್ಕೆ ಅಕ್ಕಪಕ್ಕದವರು ಸಹಿ ಹಾಕುತ್ತಾರೆಯೇ? ನಾನು ಪೆನ್ನು ತೆಗೆದರೆ ಸಾಕು, ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಗಿ ಒಳಗೆ ಹೋಗುತ್ತಿದ್ದರು. ಅದಕ್ಕೆ ನಮ್ಮಲ್ಲಿ ಕೆಲವರಿಗೆ ಕಾಯಂ ಸಾಕ್ಷಿಗಳಿದ್ದರು. ನನ್ನವರು ಕೋರ್ಟಿನ ಎದುರಿನ ಟೀ ಅಂಗಡಿಯವನು ಮತ್ತು ಅವನ ಪಕ್ಕದ ಜೆರಾಕ್ಸ್ ಅಂಗಡಿಯವನು. ಊರಿನ ಯಾವ ಮೂಲೆಯಲ್ಲಿ ಬಾಗಿಲು ಹಾಕಿದ್ದರೂ ಅದರ ಅಕ್ಕಪಕ್ಕದಲ್ಲಿ ಇವರಿಬ್ಬರೇ ವಾಸವಾಗಿರುತ್ತಿದ್ದರು. ಫೈಲು ತಿರುವಿದ ಯಾರಿಗಾದರೂ ಇದು ತಿಳಿಯುತ್ತಿತ್ತು, ಯಾರೂ ಕೇಳಲಿಲ್ಲ.

ಆ ವರ್ಷದ ದಸರೆಗೆ ಮುಂಚಿನ ವಾರ ನನ್ನ ಚೀಲದಲ್ಲಿ ನಜರ್‌ಬಾದಿನ ಒಂದು ವಠಾರದ ವಿಳಾಸವಿತ್ತು. ಅಂಗಡಿ ಬೋರ್ಡು ಬರೆಯುವ ಪೇಂಟರೊಬ್ಬನಿಗೆ ಸಮನ್ಸು. ಇಲವಾಲದಲ್ಲಿ ಅವನು ಮನೆಗೆ ಪಾಯ ಹಾಕಿದ್ದ ಸೈಟು ತನ್ನದೆಂದು ಅವನ ಅಣ್ಣನೇ ದಾವೆ ಹೂಡಿದ್ದ. ರಸ್ತೆಗಳೆಲ್ಲ ಬಂದ್, ನನಗೆ ಮಂಡಿ ನೋವು. ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ‘ಮನೆಗೆ ಬೀಗ ಹಾಕಿತ್ತು, ಬಾಗಿಲಿಗೆ ಪ್ರತಿ ಅಂಟಿಸಿದ್ದೇನೆ’ ಎಂದು ಷರಾ ಬರೆದೆ. ಇಬ್ಬರೂ ಸಹಿ ಹಾಕಿದರು. ಟೀ ಕುಡಿದು ಮನೆಗೆ ಹೋದೆ.

ಪೇಂಟರಿಗೆ ದಾವೆಯ ವಿಷಯವೇ ಗೊತ್ತಾಗಲಿಲ್ಲ, ಅವನಿಲ್ಲದೆಯೇ ಅಣ್ಣನ ಪರ ಡಿಕ್ರಿ ಆಯಿತು. ಗೊತ್ತಾದ ಮೇಲೆ ಓಡಿಬಂದು ಅರ್ಜಿ ಹಾಕಿದ. ಅಮೀನನ ಷರಾ ಕ್ರಮಬದ್ಧವಾಗಿದೆ ಎಂದು ಅದೂ ವಜಾ ಆಯಿತು. ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಬಂದ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವನು ಕೈಕಟ್ಟಿ ನಿಂತುಕೊಂಡ.

“ನಮ್ ಬಾಗ್ಲಿಗೆ ಏನೂ ಅಂಟ್ಸಿರ್ಲಿಲ್ಲ ಕಣ್ರೀ, ಸ್ವಾಮಿ.”

“ವಠಾರದ ದೊಡ್ ಬಾಗ್ಲಿಗೆ ಅಂಟ್ಸಿದ್ದೆ. ಯಾರೋ ಕಿತ್ತಾಕಿರ್ತಾರೆ.”

ಅವನು ಹೋಗಲಿಲ್ಲ. ಅವನನ್ನು ಅಲ್ಲಿಂದ ಸಾಗಹಾಕಲು ಇನ್ನೊಂದು ಮಾತು ಸೇರಿಸಿದೆ. “ನೀವು ಬರ್ಲಿಲ್ಲ ಅಂದಾಗ ಬೆಂಚ್ ಕ್ಲರ್ಕ್ ಮೇಡಂ ಇನ್ನೊಂದು ನೋಟಿಸ್ ಹಾಕ್ಸ್‌ಬೋದಿತ್ತು. ಯಾಕ್ ಹಾಕ್ಸ್‌ಲಿಲ್ವೋ ಕಾಣೆ.”

ಅಂಥ ಅಧಿಕಾರ ಆಕೆಗೆ ಇರಲೇ ಇಲ್ಲ. ಜಡ್ಜರ ಮುಂದೆ ಫೈಲು ಇಟ್ಟು, ಅವರು ಹೇಳಿದ ದಿನಾಂಕ ಬರೆದುಕೊಳ್ಳುವುದಷ್ಟೇ ಆಕೆಯ ಕೆಲಸ. ಗಂಡ ಸರ್ವಿಸ್ಸಿನಲ್ಲೇ ತೀರಿಕೊಂಡ ಮೇಲೆ ಅನುಕಂಪದ ಮೇಲೆ ಸಿಕ್ಕಿದ ನೌಕರಿ, ಕಾಲೇಜಿಗೆ ಹೋಗುವ ಒಬ್ಬಳೇ ಮಗಳು, ವಿಜಯನಗರದಲ್ಲಿ ಬಾಡಿಗೆ ಮನೆ. ನಾನು ಬಿಸಿಲಲ್ಲಿ ಸುತ್ತಿ ಬಂದ ದಿನ ತನ್ನ ಡಬ್ಬಿಯಿಂದ ಚಿತ್ರಾನ್ನ ತೆಗೆದಿಟ್ಟು “ತಿನ್ನಿ ಅಣ್ಣ” ಎನ್ನುತ್ತಿದ್ದ ಹೆಂಗಸು. ನೊಣ ಓಡಿಸುವುದಕ್ಕೆ ಕೈ ಬೀಸಿದ ಹಾಗೆ ಆಕೆಯ ಕಡೆ ಕೈ ಬೀಸಿಬಿಟ್ಟೆ.

ಮುಂದಿನ ಸೋಮವಾರ ಕೋರ್ಟಿನ ಗೇಟಿನ ಎದುರು ಫುಟ್‌ಪಾತಿನಲ್ಲಿ ಒಂದು ಬೋರ್ಡು ನಿಂತಿತ್ತು: ‘ಸಮನ್ಸು ನುಂಗಿದ ಬೆಂಚ್ ಕ್ಲರ್ಕ್’. ಕೆಳಗೆ ಆಕೆಯ ಹೆಸರು. ಕೆಂಪು ಅಕ್ಷರ, ಹಳದಿ ನೆರಳು. ಫ್ಲೆಕ್ಸ್ ಬಂದ ಮೇಲೆ ಪೇಂಟರಿಗೆ ಕೆಲಸವಿರಲಿಲ್ಲ, ಕೈಯಲ್ಲಿ ಕಸುಬಿತ್ತು, ಹೊಟ್ಟೆಯಲ್ಲಿ ಬೆಂಕಿಯಿತ್ತು. ಅಕ್ಷರಗಳು ಎಷ್ಟು ಚೆನ್ನಾಗಿದ್ದವೆಂದರೆ ದಾರಿಹೋಕರು ಅದಕ್ಕೇ ನಿಂತು ಓದುತ್ತಿದ್ದರು. ಆಮೇಲೆ ಶಿರಸ್ತೇದಾರರ ಹೆಸರು ಬಂತು, ಟೈಪಿಸ್ಟರದು ಬಂತು, ಆದರೆ ಎಲ್ಲದರಲ್ಲೂ ಮೊದಲ ಸಾಲು ಆಕೆಯದೇ. ಸೈಕಲ್ಲಿನ ಎರಡೂ ಬದಿಗೆ ಬೋರ್ಡು ಕಟ್ಟಿಕೊಂಡು ಊರು ಸುತ್ತಿದ. ಯಾರೋ ವಿಡಿಯೋ ಮಾಡಿ ವಾಟ್ಸಾಪಿಗೆ ಹಾಕಿದರು. ಪೊಲೀಸರು ಎರಡು ಸಲ ಕರೆದುಕೊಂಡು ಹೋಗಿ ಗದರಿಸಿ ಕಳಿಸಿದರು, ಮರುದಿನ ಅಲ್ಲೇ ಕೂತಿದ್ದ. ಕಚೇರಿಯಲ್ಲಿ ಎಲ್ಲರೂ ಅವನನ್ನು ಹುಚ್ಚ ಎಂದರು. ನಾನೂ ಅಂದೆ, ಉಳಿದವರಿಗಿಂತ ಸ್ವಲ್ಪ ಜೋರಾಗಿಯೇ ಅಂದೆ.

ಒಂದು ಬೆಳಿಗ್ಗೆ ಆಕೆಯ ಬೀದಿಯ ಕಾಂಪೌಂಡ್ ಗೋಡೆಯ ಮೇಲೆ ಅದೇ ಅಕ್ಷರ, ಜೊತೆಗೆ ಮನೆಯ ಕಡೆ ಒಂದು ಬಾಣದ ಗುರುತು. ಆಕೆ ಸೀಮೆಎಣ್ಣೆ ಹಚ್ಚಿ ತಾನೇ ಉಜ್ಜಿದಳಂತೆ. ಎನಾಮಲ್ ಬಣ್ಣ, ಎಲ್ಲಿ ಹೋಗುತ್ತದೆ. ಮಗಳು ಕಾಲೇಜಿಗೆ ಹೋಗುವುದನ್ನು ನಿಲ್ಲಿಸಿದಳು ಎಂದು ಕೇಳಿದೆ. ಅಂದು ನನಗೆ ಊಟ ಸೇರಲಿಲ್ಲ. ಮರುದಿನ ಸೇರಿತು, ಸುಳ್ಳು ಯಾಕೆ ಹೇಳಲಿ.

ಆಕೆಯ ಮೇಲೆ ಇಲಾಖಾ ವಿಚಾರಣೆ ನಡೆಯಿತು. ನನ್ನನ್ನೂ ಕರೆದರು. ಪ್ರಮಾಣ ಮಾಡಿಸಿ, ಬಾಗಿಲಿಗೆ ಅಂಟಿಸಿದ್ದು ನಿಜವೇ ಎಂದು ಕೇಳಿದರು. ನಿಜ ಅಂದರೆ ಎರಡನೇ ನೋಟಿಸಿನ ಅಪವಾದ ಆಕೆಯ ಮೇಲೇ ಉಳಿಯುತ್ತದೆ, ಸುಳ್ಳು ಅಂದರೆ ನನ್ನ ನೌಕರಿ ಹೋಗುತ್ತದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. “ನಿಜ ಸ್ವಾಮಿ” ಅಂದೆ. ಆಕೆ ಎದುರಿನ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಆಕೆಯ ತಪ್ಪೇನೂ ಸಾಬೀತಾಗಲಿಲ್ಲ. ಆದರೂ ಕಚೇರಿಯ ಮರ್ಯಾದೆಯ ಮಾತು ಬಂತು, ದೂರದ ತಾಲ್ಲೂಕಿಗೆ ವರ್ಗ ಮಾಡಿದರು. ಪೇಂಟರ್ ಅದನ್ನೇ ಗೆಲುವೆಂದು ತಿಳಿದ. ಹೊಸ ಬೋರ್ಡು ಬರೆದು ತಂದ: ‘ಈ ಕೋರ್ಟಿನಲ್ಲಿ ಪ್ರಾಮಾಣಿಕರು ಅಮೀನರೊಬ್ಬರೇ’. ನನ್ನನ್ನು ಕಂಡು ಎದ್ದುನಿಂತು ಕೈಮುಗಿದ. ನಾನೂ ಮುಗಿದೆ. ನನ್ನಂಥ ನೀಚ ಇನ್ನೊಬ್ಬನಿರಲಾರ ಎಂದು ಅನಿಸಿದ್ದು ಆಗ, ಕೈ ಇನ್ನೂ ಮೇಲಿದ್ದಾಗಲೇ.

ಹೊರಡುವ ಮುಂಚಿನ ವಾರ ಆಕೆ ದಾಖಲೆ ಕೋಣೆಯ ಹತ್ತಿರ ನನ್ನನ್ನು ನಿಲ್ಲಿಸಿದಳು.

“ಟೀ ಅಂಗಡಿಯವರ ಸಹಿ ನಂಗೆ ಗೊತ್ತಾಗಲ್ವಾ ಅಣ್ಣ? ಎಷ್ಟು ವರ್ಷದಿಂದ ನಿಮ್ ಷರಾ ಓದಿದೀನಿ. ವಿಚಾರಣೇಲಿ ಹೇಳ್ಬೋದಿತ್ತು. ಹೇಳಿದ್ರೆ, ಗೊತ್ತಿದ್ದೂ ಯಾಕ್ ಸುಮ್ನಿದ್ರಿ ಅಂತ ನನ್ನನ್ನೇ ಕೇಳೋರು.”

ನಾನು ಕೈಲಿದ್ದ ಸಮನ್ಸುಗಳ ಕಟ್ಟನ್ನು ಚೀಲಕ್ಕೆ ತುರುಕಿದೆ.

“ಈಗ ಯಾರ ಮುಂದೂ ಏನೂ ಬೇಡ. ನನ್ ಮಗಳಿಗೊಂದು ಮಾತು ಹೇಳಿ. ಅಷ್ಟೆಲ್ಲಾ ಬರೀತಾನೆ ಅಂದ್ರೆ ಏನಾದ್ರೂ ಇರ್ಬೇಕು ಅಂತ ಅವಳ ಮನಸಲ್ಲಿ ಕೂತ್ಬುಟ್ಟಿದೆ. ನನ್ ಹತ್ರ ಸರಿಯಾಗಿ ಮಾತಾಡಲ್ಲ.”

ಭಾನುವಾರ ಹೋದೆ. ನಡುಮನೆಯ ತುಂಬ ಕಟ್ಟಿಟ್ಟ ಗಂಟುಗಳು. ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು, ಸಣ್ಣಗಾಗಿದ್ದಳು. ಆಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನ ತುದಿ ಹಿಡಿದುಕೊಂಡಿದ್ದಳು. ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಬಂದಿದ್ದೆ.

“ನಿಮ್ಮಮ್ಮ ಏನೂ ತಪ್ಪು ಮಾಡಿಲ್ಲ ಕಣಮ್ಮ,” ಎಂದೆ.

“ಹಂಗಾದ್ರೆ ಯಾರು ಮಾಡಿದ್ದು ಅಂಕಲ್?”

ಕೇಳಿದ್ದು ನ್ಯಾಯವಾಗಿತ್ತು. ಆ ಮನೆಯಲ್ಲಿ ಜಡ್ಜರಿರಲಿಲ್ಲ, ಪ್ರಮಾಣವಿರಲಿಲ್ಲ, ಬರೆದುಕೊಳ್ಳುವವರಿರಲಿಲ್ಲ. ನನ್ನ ನೌಕರಿಗೆ ಆ ಹುಡುಗಿಯಿಂದ ಏನೂ ಆಗುತ್ತಿರಲಿಲ್ಲ. ಬಾಯಿ ತೆರೆದೆ.

“ಯಾರೂ ಇಲ್ಲಮ್ಮ. ಹಿಂಗೇ ಏನೋ ಆಗೋಯ್ತು,” ಎಂದೆ.

ಹುಡುಗಿ “ಸರಿ ಅಂಕಲ್” ಎಂದು ತಿರುಗಿ ಅಮ್ಮನ ಮುಖವನ್ನೇ ನೋಡಿದಳು.