ಅಡುಗೆಮನೆ ಕಿಟಕಿಯ ಊದುಬತ್ತಿ

ಮಹೇಶ್ವರಪ್ಪನವರು ದಿನಾ ಎರಡು ಊದುಬತ್ತಿ ಹಚ್ಚುತ್ತಿದ್ದರು. ಒಂದು ದೇವರಿಗೆ, ಇನ್ನೊಂದು ಅಡುಗೆಮನೆ ಕಿಟಕಿಗೆ. ಎರಡನೆಯದನ್ನು ಸರಳುಗಳ ಹತ್ತಿರ ಹಿಡಿದು, ಕನ್ನಡಕ ಹಣೆಗೇರಿಸಿ, ಹೊಗೆ ಯಾವ ಕಡೆ ಹೋಗುತ್ತದೆಂದು ನೋಡುತ್ತಿದ್ದರು. ಅದು ಬಳುಕಿಕೊಂಡು ಅವರ ಮುಖಕ್ಕೇ ಬರುತ್ತಿತ್ತು. ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ‘ಒಳಕ್ಕೆ’ ಎಂದು ಬರೆಯುತ್ತಿದ್ದರು. ಬೀರೂರು ಜಂಕ್ಷನ್ನಿನಲ್ಲಿ ಸಿಗ್ನಲ್ ನೋಡಿಕೊಂಡು ನಿವೃತ್ತರಾದವರು; ಕಂಡದ್ದನ್ನು ಬರೆದಿಡದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

ಕಡೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಎದುರು ಮನೆ. ಆರೂ ಮನೆಗಳ ಅಡುಗೆಕಿಟಕಿಗಳು ತೆರೆಯುವುದು ಒಂದೇ ಡಕ್ಟಿಗೆ. ನೆಲದಿಂದ ತಾರಸಿಯವರೆಗೆ ಬಾವಿಯಂತೆ ನಿಂತ ಸಂದು ಅದು. ಮಂಜೂರಾದ ನಕ್ಷೆಯಲ್ಲಿ ಅದರ ಬಾಯಿ ತೆರೆದಿದೆ. ಕಟ್ಟಿದವರು ಮಳೆ ಇರಚಲು ಬೀಳುತ್ತದೆಂದು ಅದಕ್ಕೆ ತಗಡು ಹೊಡೆದುಬಿಟ್ಟಿದ್ದಾರೆ. ಕೆಳಗಿನವರು ಮೆಣಸಿನಕಾಯಿ ಹುರಿದರೆ ಮೇಲಿನವರೆಲ್ಲ ಕೆಮ್ಮುತ್ತೇವೆ. ನಮ್ಮ ಕೆಮ್ಮು ನಿಂತರೂ ಮಹೇಶ್ವರಪ್ಪನವರ ಹೆಂಡತಿ ಗಿರಿಜಕ್ಕನದು ನಿಲ್ಲುತ್ತಿರಲಿಲ್ಲ. ಉಬ್ಬಸ. ಹಾಲಿನ ಕುರ್ಚಿಯಲ್ಲಿ ಬೆನ್ನು ಬಾಗಿಸಿ ಕೂತು, ಮಾತಾಡಲಾಗದೆ, ಏನಿಲ್ಲ ಎಂಬಂತೆ ಕೈಯಾಡಿಸುತ್ತಿದ್ದರು.

“ಒಂದು ಎಕ್ಸಾಸ್ಟ್ ಫ್ಯಾನ್ ಹಾಕ್ಸಿಬಿಡಿ ಅಣ್ಣಾ,” ಎಂದೆ ಒಮ್ಮೆ.

“ಹಾಕ್ಸಿದ್ರೆ ನಮ್ಮನೆ ಘಾಟು ನಿಮ್ಮನೆಗೆ ಬತ್ತದೆ. ನಿಮ್ಮನ್ನ ಕೆಮ್ಮಿಸಿ ನಾವು ಉಸಿರಾಡಾದಾ? ಆ ತಗಡು ತೆಗೀಲಿ, ಸಾಕು ಕಣಮ್ಮ.”

ಪುರಸಭೆಗೆ ಅರ್ಜಿ ಕೊಟ್ಟರು. ಮತ್ತೆ ಕೊಟ್ಟರು. ನಕ್ಷೆಯ ಜೆರಾಕ್ಸು ಮಡಿಸಿ ಮಡಿಸಿ ಮಡಿಕೆಯಲ್ಲೇ ಹರಿಯಿತು. ಕೊನೆಗೊಂದು ಬುಧವಾರ ಇಂಜಿನಿಯರ್ ಬರುತ್ತಾರೆಂದು ತಿಳಿಯಿತು.

ಹಿಂದಿನ ಸಂಜೆ ನಾನೇ ಮನೆಮನೆಗೆ ಹೋಗಿ, “ನಾಳೆ ಸಾಹೇಬ್ರು ಬತ್ತಾರೆ, ಎಲ್ಲಾ ಚೊಕ್ಕ ಇರ್ಲಿ, ಮುಂಬಾಗ್ಲೂ ತೆಗ್ದಿಡಿ ಕಣ್ರೇ,” ಎಂದು ಹೇಳಿ ಬಂದೆ. ಬೆಳಿಗ್ಗೆ ಎಂಟಕ್ಕೆಲ್ಲ ಆರು ಮನೆಯ ಅಡುಗೆಯೂ ಮುಗಿದು ಒಲೆಗಳನ್ನು ತೊಳೆದಾಗಿತ್ತು. ಹೊಸ್ತಿಲಿಗೆ ರಂಗೋಲಿ ಬಿತ್ತು. ಬಂದವರು ಬಾಗಿಲು ತಟ್ಟುವಂತಾಗಬಾರದೆಂದು ಎಲ್ಲರೂ ಮುಂಬಾಗಿಲು ತೆರೆದಿಟ್ಟೆವು.

ಇಂಜಿನಿಯರ್ ನಾನು ಕೊಟ್ಟ ಕಾಫಿ ಕುಡಿದು ಎದುರು ಮನೆಯ ಅಡುಗೆಕಿಟಕಿಯ ಹತ್ತಿರ ನಿಂತರು. ಮಹೇಶ್ವರಪ್ಪನವರು ಊದುಬತ್ತಿ ಹಚ್ಚಿದರು. ಮೆಟ್ಟಿಲ ಕಡೆಯಿಂದ ಬೀಸಿದ ಗಾಳಿ ತೆರೆದ ಬಾಗಿಲುಗಳಿಂದ ನುಗ್ಗಿ ಹೊಗೆಯನ್ನು ನೆಟ್ಟಗೆ ಕಿಟಕಿಯಾಚೆ ಒಯ್ದಿತು.

“ಹೊರಗೇ ಹೋಗ್ತಿದೆಯಲ್ಲ ಯಜಮಾನ್ರೇ?”

ಇವರು ಕ್ಯಾಲೆಂಡರ್ ತೋರಿಸಿದರು. ಅವರು ಹಾಳೆ ತಿರುವಿ ನಕ್ಕರು. “ಹಂಗಾರೆ ಇವತ್ತೇನು ಬರೀತೀರಿ?”

ಮಹೇಶ್ವರಪ್ಪನವರು ಇನ್ನೊಮ್ಮೆ ಹೊಗೆಯ ಕಡೆ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಅವರ ಎದುರಿಗೇ, ‘ಹೊರಕ್ಕೆ’ ಎಂದು ಬರೆದರು.

“ತಗಡಿನ ವಿಷಯ ಆಮೇಲೆ ನೋಡಾಣ,” ಎಂದು ಇಂಜಿನಿಯರ್ ಇಳಿದು ಹೋದರು. ಆಮೇಲೆ ಎಂಬುದು ಇನ್ನೂ ಬಂದಿಲ್ಲ.

ಆ ದಿನ ಅವರು ಹೋದೊಡನೆ ಅಭ್ಯಾಸಬಲದಿಂದ ಮುಂಬಾಗಿಲು ಹಾಕಿ, ಲೋಟ ತೆಗೆದುಕೊಳ್ಳಲು ಅಡುಗೆಮನೆಗೆ ಬಂದೆ. ಊದುಬತ್ತಿಯ ಹೊಗೆ ತಿರುಗಿ ಒಳಗೆ ಬಂತು. ಇಬ್ಬರೂ ನೋಡಿದೆವು.

“ಅಯ್ಯೋ ಅಣ್ಣಾ, ಬಾಗ್ಲು ಹಾಕಿ ತೋರಿಸ್ಬೇಕಿತ್ತು!”

“ಮನೆಗೆ ಬಂದೋರ ಮುಂದೆ ಬಾಗ್ಲು ಹಾಕಕ್ಕಾಗುತ್ತೇನಮ್ಮ?” ಎಂದರು. ಅಷ್ಟೇ. ಬಾಗಿಲು ತೆರೆಸಿದವಳು ನಾನೆಂದು ಅವರಿಗೆ ಗೊತ್ತಿತ್ತು.

ಮತ್ತೆ ಅರ್ಜಿ ಬರೆಯಲಿಲ್ಲ. ಗಿರಿಜಕ್ಕ ಎರಡು ಸಲ ಆಸ್ಪತ್ರೆ ಸೇರಿ ಬಂದ ಮೇಲೆ ಅಜ್ಜಂಪುರದಲ್ಲಿ ಬಾಡಿಗೆಗೆ ಹೆಂಚಿನ ಮನೆ ಹಿಡಿದರು. ಅಡುಗೆಮನೆಗೆ ಹಿತ್ತಿಲ ಬಾಗಿಲಿದೆಯಂತೆ. ಹೊರಡುವ ದಿನ ಗಿರಿಜಕ್ಕನನ್ನು ಪ್ರತಿ ಮೆಟ್ಟಿಲಿಗೂ ನಿಲ್ಲಿಸಿ ಇಳಿಸಿದರು. ಬೀಗದ ಕೈಯ ಜೊತೆ ಹರಿದ ನಕ್ಷೆಯನ್ನೂ ನನ್ನ ಕೈಗಿಟ್ಟರು.

“ಆ ಸಾಹೇಬ್ರು ಇನ್ನೊಂದ್ಸಲ ಬಂದ್ರೆ ಕಾಫಿ ಕೊಡ್ರಮ್ಮ. ಬಾಗ್ಲು ಮಾತ್ರ ಹಾಕ್ಕೊಳಿ.”

ಮನೆ ಗುಡಿಸಲು ಹೋದಾಗ ಕ್ಯಾಲೆಂಡರ್ ಮೊಳೆಯಲ್ಲೇ ಇತ್ತು. ಹಾಳೆ ಹಾಳೆಗೂ ‘ಒಳಕ್ಕೆ’. ಆ ಬುಧವಾರದ ಚೌಕದಲ್ಲಿ ಮಾತ್ರ ‘ಹೊರಕ್ಕೆ’. ಅದರ ಕೆಳಗೆ, ಯಾವಾಗ ಬರೆದರೋ, ಸಣ್ಣ ಅಕ್ಷರದಲ್ಲಿ: ‘ಬಾಗಿಲು ತೆರೆದಿತ್ತು.’ ಯಾರು ತೆರೆಸಿದರು ಎಂದು ಬರೆದಿರಲಿಲ್ಲ.