ಕಾಟಪ್ಪ ಕಟ್ಟಿದ ಕಂಬಿ

ಎಪ್ಪತ್ತರ ದಶಕದಲ್ಲಿ ತಳಕು ಎಂಬ ಊರಿನ ಹತ್ತಿರದ ಹಳ್ಳಕ್ಕೆ ಸೇತುವೆ ಕಟ್ಟಿದಾಗ ಮೂಗಮ್ಮ ಜಲ್ಲಿ ಹೊತ್ತವಳು. ಅವಳ ಗಂಡ ಕಾಟಪ್ಪ ಕಾಂಕ್ರೀಟಿನೊಳಗೆ ಹೋಗುವ ಕಂಬಿಗಳನ್ನು ತಂತಿ ಬಿಗಿದು ಕಟ್ಟಿದವನು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಸೇತುವೆ ಮುಗಿದ ಮೇಲೆ ಕಾಟಪ್ಪ ಮೇಸ್ತ್ರಿಯ ಜೊತೆ ಆಂಧ್ರದ ಕಡೆ ಇನ್ನೊಂದು ಕೆಲಸಕ್ಕೆ ಹೋದ. “ಉಗಾದಿಗೆ ಬರ್ತೀನಿ” ಅಂದಿದ್ದ. ಬರಲಿಲ್ಲ. ಇದ್ದಾನೆಂಬ ಸುದ್ದಿಯೂ ಇಲ್ಲ, ಸತ್ತನೆಂಬ ಸುದ್ದಿಯೂ ಇಲ್ಲ. ಮೂಗಮ್ಮ ಬೇರೆ ಮದುವೆಗೆ ಒಪ್ಪದೆ, ಅಣ್ಣನ ಮನೆಯಲ್ಲಿ ಕುರಿ ಕಾಯುತ್ತ ಉಳಿದಳು.

೧೯೯೮ರ ಬೇಸಿಗೆಯಲ್ಲಿ ಸೇತುವೆಯ ಅಡಿಯಿಂದ ಕಾಂಕ್ರೀಟಿನ ಚಕ್ಕೆಗಳು ಉದುರತೊಡಗಿದವು. ಇನ್ನೆಷ್ಟು ಭಾರ ತಡೆದೀತು ಎಂದು ನೋಡಲು ಇಂಜಿನಿಯರ್ ನಾಗಭೂಷಣ ಬಂದರು. ಹಳೆಯ ನಕ್ಷೆ ಸಿಕ್ಕಿರಲಿಲ್ಲ. ಒಳಗೆ ಕಂಬಿ ಎಲ್ಲೆಲ್ಲಿದೆಯೆಂದು ತಿಳಿಯಲು ಅಟ್ಟಣಿಗೆ ಹತ್ತಿ, ಕೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಸೇತುವೆಯ ಅಡಿಮೈಗೆ ತಾಗಿಸಿ ಸರಿಸತೊಡಗಿದರು. ಕಂಬಿ ಇದ್ದಲ್ಲಿ ಅದು ಕುಂಯ್ ಎನ್ನುತ್ತಿತ್ತು.

ನೆರಳಿಗೆ ಕುರಿ ತರುಬಿ ಕೂತಿದ್ದ ಮೂಗಮ್ಮ ಎದ್ದು ಬಂದಳು.

“ಅದ್ಯಾಕ್ ಹಂಗೆ ಕೂಗ್ತೈತ್ರಿ ಸ್ವಾಮಿ?”

“ಒಳಗೆ ಕಂಬಿ ಸಿಕ್ಕಿದ ಕಡೆ ಕೂಗುತ್ತಮ್ಮ.”

“ನಮ್ಮನೆಯೋರು ಕಟ್ಟಿದ್ದು ಅದು. ಇನ್ನೊಂದ್ ಸಲ ಕೂಗಸ್ರಿ” ಅಂದಳು.

ನಾಗಭೂಷಣ ಅವಳ ಮುಖ ನೋಡಿದರು. ಆಗಲೇ ನೋಡಿಯಾಗಿದ್ದ ಜಾಗಕ್ಕೆ ಯಂತ್ರವನ್ನು ಮತ್ತೆ ತಾಗಿಸಿದರು.

ಮರುದಿನ, ತುಕ್ಕು ಎಷ್ಟು ತಿಂದಿದೆಯೆಂದು ನೋಡಲು ಒಂದು ಕಡೆ ಕಾಂಕ್ರೀಟು ಒಡೆದರು. ಕೇಳಿಕೊಂಡು ಮೂಗಮ್ಮನೂ ಅಟ್ಟಣಿಗೆ ಹತ್ತಿದಳು. ಎರಡು ಕಂಬಿ ಸೇರುವಲ್ಲಿ ತಂತಿಯ ಗಂಟು ಹಾಗೇ ಇತ್ತು. ಮುಟ್ಟಿದಳು. ಬೆರಳಿಗೆ ಕೆಂಪು ಹತ್ತಿತು.

“ಬೀಳ್ಸಿಬಿಡ್ತೀರಾ?”

“ಇಲ್ಲಮ್ಮ. ಸವೆದಿದೆ, ಆದ್ರೆ ತೀರಾ ಅಲ್ಲ. ತುಕ್ಕು ಉಜ್ಜಿ, ಪಕ್ಕಕ್ಕೆ ಹೊಸ ಕಂಬಿ ಕೊಟ್ಟು ಮುಚ್ಚಿದ್ರೆ ಬಸ್ಸು ಓಡುತ್ತೆ.”

“ಮತ್ತೆ ಮುಚ್ಚಬೇಕಾ?”

“ಮುಚ್ಚದಿದ್ರೆ ಗಾಳಿ ನೀರು ತಾಗಿ ಪೂರಾ ಹೋಗುತ್ತೆ.”

ಅವಳು ತಲೆಯಾಡಿಸಿದಳು. ರಿಪೇರಿ ನಡೆದಷ್ಟು ದಿನವೂ ಕುರಿಗಳನ್ನು ಹಳ್ಳದ ಕಡೆಗೇ ಹೊಡೆದಳು. ಆ ಗಂಟಿನ ಮೇಲೆ ಕಾಂಕ್ರೀಟು ಮೆತ್ತುವ ದಿನ ಮಾತ್ರ ಗುಡ್ಡದ ಕಡೆ ಹೋದಳು.

ಅಂದು ಸಂಜೆ ಮುದ್ದೆ ಮುರಿಯದೆ ಕೂತವಳನ್ನು ಅತ್ತಿಗೆ ಕರಿಯಕ್ಕ ಕೇಳಿದಳು: “ಯಾಕವ್ವ, ಉಣ್ಣಲ್ವಾ?”

“ಅವರಿಗೂ ಈಗ ತಲೆ ಬೆಳ್ಳಗಾಗಿರ್ತೈತೆ ಅಲ್ವಾ ಅತ್ತಿಗೆ” ಅಂದಳು ಮೂಗಮ್ಮ. “ದಾರಿಯಾಗೆ ಎದುರು ಬಂದ್ರೂ ನಂಗೆ ಗುರ್ತು ಸಿಗಾಕಿಲ್ಲ.”